ಆಮೆನ್ ಯಾರಿಗೆ, ಉತ್ತರ ಯಾರಿಗೆ: ಜಾಲತಾಣದಲ್ಲಿ ಕ್ರೈಸ್ತರ ಮಾತು

ನಾಗರ ಪಂಚಮಿ ಮುಗಿದ ಮೂರನೆಯ ದಿನ ನನ್ನ ಶಾಲೆಯ ಗೆಳತಿ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿದ್ದಳು. "ಹತ್ತು ವರ್ಷದಿಂದ ನಮ್ಮ ಮನಿ ಉಂಡಿ ತಿಂತಿದ್ರು ಬಾಜೂ ಮನಿ ಕ್ರಿಶ್ಚಿಯನ್ನರು. ಈ ಸಲ ಡಬ್ಬಿ ಹಂಗ ವಾಪಸ್ ಕಳಿಸ್ಯಾರ. ಏನ್ ತಪ್ಪಾತು ನಮ್ದು? ಗೊತ್ತಿದ್ದವರು ಹೇಳ್ರಿ." ಜೊತೆಗೆ ಒಂದು ಫೋಟೋ. ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಡಿಸಿಟ್ಟದ್ದು ಜೋಡಿಸಿಟ್ಟ ಹಾಗೇ ಇದ್ದವು.

ಅರ್ಧ ಗಂಟೆಯೊಳಗೆ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಹುಡುಗನೊಬ್ಬ ಉತ್ತರ ಕೊಟ್ಟ. ಕೆಟ್ಟ ಹುಡುಗನಲ್ಲ, ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಾನೆ, ಯಾರಿಗಾದರೂ ರಕ್ತ ಬೇಕೆಂದರೆ ಮೊದಲು ಓಡುವವನು ಅವನೇ. ಅವನು ಹಾಕಿದ್ದು ಬೈಬಲಿನಿಂದ, ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 10ನೆಯ ಅಧ್ಯಾಯದ 20 ಮತ್ತು 21ನೆಯ ವಚನಗಳು. ವಿಗ್ರಹಕ್ಕೆ ಅರ್ಪಿಸಿದ್ದು ದೆವ್ವಗಳಿಗೆ ಅರ್ಪಿಸಿದ್ದು, ಕರ್ತನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಒಟ್ಟಿಗೆ ಕೂತು ಉಣ್ಣಲಾಗದು ಎಂಬ ಮಾತು. ಕೆಳಗೆ ಅವನದೇ ಒಂದು ಸಾಲು: ಸತ್ಯ ಕಹಿ, ಆದರೂ ಹೇಳಲೇಬೇಕು. ಅದರ ಕೆಳಗೆ ಆಮೆನ್, ಆಮೆನ್, ಸ್ತೋತ್ರ, ಗಾಡ್ ಬ್ಲೆಸ್ ಯೂ ಬ್ರದರ್. ನಾನೂ ಕೈಮುಗಿದ ಇಮೋಜಿ ಒಂದನ್ನು ಒತ್ತಿದ್ದೆ. ಪೂರ್ತಿ ಓದಿರಲಿಲ್ಲ. ನಮ್ಮ ಹುಡುಗ ವಾಕ್ಯ ಹಾಕಿದ್ದಾನೆ, ಅಷ್ಟಕ್ಕೇ ಒತ್ತಿದ್ದೆ. ರಾತ್ರಿ ಊಟದ ಹೊತ್ತಿಗೆ ಗೆಳತಿ ಆ ಪೋಸ್ಟನ್ನೇ ಅಳಿಸಿದ್ದಳು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಜಾಲತಾಣದಲ್ಲಿ ಕ್ರೈಸ್ತರು ಹೇಗೆ ಮಾತಾಡಬೇಕು ಎಂದು ಸಭೆಗಳಲ್ಲಿ ಪ್ರಸ್ತಾಪ ಬಂದಾಗಲೆಲ್ಲ ನಾವು ಬೈಗುಳ, ಅಶ್ಲೀಲ, ಜಗಳ ಇವುಗಳ ಬಗ್ಗೆಯೇ ಹೇಳುತ್ತೇವೆ. ಆ ಹುಡುಗ ಒಂದು ಬೈಗುಳವನ್ನೂ ಆಡಿರಲಿಲ್ಲ. ಅವನು ಬರೆದದ್ದರಲ್ಲಿ ಮುಕ್ಕಾಲು ಭಾಗ ದೇವರ ವಾಕ್ಯವೇ. ಆದರೂ ಒಬ್ಬ ಹೆಣ್ಣುಮಗಳು ನೊಂದು ಕೇಳಿದ ಪ್ರಶ್ನೆ ಅಲ್ಲಿ ಉತ್ತರವಿಲ್ಲದೆ ಉಳಿಯಿತು. ಏಕೆಂದರೆ ಆ ಉತ್ತರ ಅವಳಿಗಾಗಿ ಬರೆದದ್ದಾಗಿರಲಿಲ್ಲ. ಅದನ್ನು ಓದಿ ಆಮೆನ್ ಎನ್ನಬೇಕಾದವರಿಗಾಗಿ, ಅಂದರೆ ನನ್ನಂಥವರಿಗಾಗಿ ಬರೆದದ್ದಾಗಿತ್ತು. ಕ್ರೈಸ್ತರ ಮಾತಿನ ಉದ್ದೇಶ ಶುದ್ಧವೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುತ್ತಿಲ್ಲ: ಈ ಮಾತು ಯಾರ ಕಿವಿಗೆ?

ಮರುದಿನ ಅದೇ ಅಧ್ಯಾಯ ತೆರೆದು ಕೂತೆ. ಹುಡುಗ 21ನೆಯ ವಚನಕ್ಕೆ ನಿಲ್ಲಿಸಿದ್ದ. ಅದೇ ಪುಟದಲ್ಲಿ, ಇನ್ನಾರು ವಚನ ಕೆಳಗೆ, ಪೌಲನು ಮತ್ತೊಂದು ಮಾತು ಹೇಳುತ್ತಾನೆ. ನಂಬದವರೊಬ್ಬರು ನಿಮ್ಮನ್ನು ಊಟಕ್ಕೆ ಕರೆದರೆ, ಹೋಗಲು ನಿಮಗೆ ಮನಸ್ಸಿದ್ದರೆ, ಬಡಿಸಿದ್ದನ್ನು ಏನೂ ವಿಚಾರಣೆ ಮಾಡದೆ ಊಟ ಮಾಡಿ. ಅದರ ಮುಂದಿನ ವಚನದಲ್ಲಿ ಮತ್ತೆ ತಿರುವು: ಯಾರಾದರೂ ಇದು ದೇವರಿಗೆ ಅರ್ಪಿಸಿದ್ದು ಎಂದು ನಿಮಗೆ ಹೇಳಿದರೆ ಆಗ ತಿನ್ನಬೇಡಿ, ಅದೂ ಹಾಗೆ ತಿಳಿಸಿದವರ ಮನಸ್ಸಾಕ್ಷಿಯ ನಿಮಿತ್ತ, ನಿಮ್ಮದರ ನಿಮಿತ್ತವಲ್ಲ. ಕೊನೆಗೆ, ಯೆಹೂದ್ಯರಿಗಾಗಲಿ ಗ್ರೀಕರಿಗಾಗಲಿ ದೇವರ ಸಭೆಗಾಗಲಿ ಎಡವುವಂತೆ ಮಾಡಬೇಡಿ ಎನ್ನುತ್ತಾನೆ. ಎಲ್ಲವನ್ನೂ ತಿನ್ನಬಹುದು ಎಂದು ಪೌಲ ಹೇಳುತ್ತಿಲ್ಲ. ಗುಡಿಯ ಪಂಕ್ತಿಗೆ ಕೂರುವುದು ಅವನಿಗೆ ಒಪ್ಪಿಗೆಯಿಲ್ಲ, ಅದರಲ್ಲಿ ಅವನು ಖಡಾಖಂಡಿತ. ಆದರೆ ಪಕ್ಕದ ಮನೆಯ ಊಟದ ವಿಷಯ ಬಂದಾಗ ಎದುರಿಗೆ ಕೂತವರು ಯಾರು, ಅವರು ಏನು ಹೇಳಿದರು, ಅವರ ಮನಸ್ಸಿಗೆ ಏನಾದೀತು ಎಂದು ಕೇಳಿಕೊಂಡು ಉತ್ತರ ಹುಡುಕುತ್ತಾನೆ. ನಮ್ಮ ಹುಡುಗನ ಉತ್ತರದಲ್ಲಿ ಇಲ್ಲದೇ ಹೋದದ್ದು ಈ ಎದುರಿಗಿನ ವ್ಯಕ್ತಿ.

ಕೃಪೆಯುಳ್ಳ ಮಾತಿನ ಬಗ್ಗೆ ನಮ್ಮಲ್ಲಿ ಹೆಚ್ಚಾಗಿ ಉದಾಹರಿಸುವ ವಚನ ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 6ನೆಯದು. ನಮ್ಮ ಹಳೆಯ ಕನ್ನಡ ಅನುವಾದ ಅಲ್ಲಿ ಸಂಭಾಷಣೆ ಯಾವಾಗಲೂ ಇಂಪಾಗಿಯೂ ರಸವತ್ತಾಗಿಯೂ ಇರಲಿ ಎನ್ನುತ್ತದೆ. ಮೂಲ ಗ್ರೀಕಿನಲ್ಲಿರುವುದು ಕೃಪೆಯಿಂದ ಕೂಡಿದ, ಉಪ್ಪಿನಿಂದ ಹದವಾದ ಮಾತು. ಅನುವಾದಕರು ಉಪ್ಪನ್ನು ಬಿಟ್ಟು ರಸ ಎಂದದ್ದು ನನಗೆ ತುಂಬಾ ಇಷ್ಟ. ಉಪ್ಪಿಲ್ಲದ ಸಾರಿನಲ್ಲಿ ರಸವೆಲ್ಲಿ? ಆದರೆ ಗೋಡೆಗೆ ನೇತುಹಾಕುವ ಕ್ಯಾಲೆಂಡರುಗಳಲ್ಲಿ ಈ ವಚನ ಅಲ್ಲಿಗೇ ಮುಗಿದುಹೋಗುತ್ತದೆ. ಪತ್ರದಲ್ಲಿ ಅದು ಮುಂದುವರಿದು, ಹೀಗಿದ್ದರೆ ಯಾರಾರಿಗೆ ಯಾವ ರೀತಿ ಉತ್ತರ ಕೊಡಬೇಕೆಂಬುದು ನಿಮಗೆ ತಿಳಿಯುತ್ತದೆ ಎನ್ನುತ್ತದೆ. ಯಾರಾರಿಗೆ, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ. ಅದರ ಹಿಂದಿನ ವಚನ ಹೊರಗಿನವರ ಮುಂದೆ ಜ್ಞಾನದಿಂದ ನಡೆದುಕೊಳ್ಳುವ ಬಗ್ಗೆ. ಇದನ್ನೆಲ್ಲ ಬರೆಯಿಸುವಾಗ ಪೌಲನು ಬೇಡಿಗಳಲ್ಲಿದ್ದ, ಅದನ್ನೂ ಅಲ್ಲೇ ಹೇಳಿಕೊಳ್ಳುತ್ತಾನೆ. ಸೆರೆಯಲ್ಲಿದ್ದವನು ಹೊರಗಿನವರ ಮೇಲೆ ಕಹಿ ಕಾರಲು ಕಾರಣವಿತ್ತು. ಅವನು ಒಬ್ಬೊಬ್ಬರಿಗೂ ತಕ್ಕ ಉತ್ತರದ ಚಿಂತೆಯಲ್ಲಿದ್ದ.

ಈ "ಯಾರಾರಿಗೆ" ಎಂಬುದನ್ನೇ ಜಾಲತಾಣ ಅಳಿಸಿಹಾಕುತ್ತದೆ. ಹರಟೆಕಟ್ಟೆಯ ಮೇಲೆ ಗೆಳತಿ ಇದೇ ಪ್ರಶ್ನೆ ಕೇಳಿದ್ದರೆ ಆ ಹುಡುಗ ಅವಳ ಮುಖ ನೋಡುತ್ತಿದ್ದ. ಕಣ್ಣಲ್ಲಿ ನೀರಿದೆಯೋ ಸಿಟ್ಟಿದೆಯೋ ಕಾಣುತ್ತಿತ್ತು. ದೆವ್ವ ಎಂಬ ಶಬ್ದ ಬಾಯಿಗೆ ಬಂದರೂ ಅಲ್ಲೇ ನುಂಗಿಕೊಳ್ಳುತ್ತಿದ್ದ. ಫೋನಿನಲ್ಲಿ ಅವನಿಗೆ ಕಂಡದ್ದು ಅವಳ ಹೆಸರಿನ ಪಕ್ಕದ ಗುಂಡಗಿನ ಚಿತ್ರ, ಆಮೇಲೆ ಒಂದರ ಹಿಂದೊಂದು ಬಂದ ಆಮೆನ್‌ಗಳು. ಆ ಆಮೆನ್ ಹೇಳಿದವರ ಮುಖಗಳು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು. ಭಾನುವಾರ ಅವರೇ ಬೆನ್ನು ತಟ್ಟುವವರು.

ಕಂಪನಿಗಳ ಲೆಕ್ಕಾಚಾರವೂ ಇದಕ್ಕೆ ನೀರೆರೆಯುತ್ತದೆ. ಫೇಸ್‌ಬುಕ್ 2017ರಿಂದ ಒಂದಷ್ಟು ಕಾಲ ಇಮೋಜಿ ಪ್ರತಿಕ್ರಿಯೆಗಳಿಗೆ, ಸಿಟ್ಟಿನ ಮುಖವೂ ಸೇರಿದಂತೆ, ಲೈಕಿಗಿಂತ ಐದು ಪಟ್ಟು ತೂಕ ಕೊಡುತ್ತಿತ್ತು. ಯಾವ ಪೋಸ್ಟ್ ಹೆಚ್ಚು ಜನರ ಕಣ್ಣಿಗೆ ಬೀಳಬೇಕೆಂದು ಅದು ತೀರ್ಮಾನಿಸುತ್ತಿದ್ದದ್ದು ಈ ತೂಕ ನೋಡಿ. 2021ರಲ್ಲಿ ಕಂಪನಿಯ ಒಳಗಿನ ದಾಖಲೆಗಳು ಹೊರಬಿದ್ದಾಗ ಈ ಸಂಗತಿ ಜನರಿಗೆ ತಿಳಿಯಿತು. ಅಷ್ಟರಲ್ಲಿ, 2020ರಲ್ಲೇ, ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿಯಾಗಿತ್ತು. ಅಂದರೆ ಆ ವರ್ಷಗಳಲ್ಲಿ ಮೆತ್ತಗೆ ಉತ್ತರಿಸಿದವನ ಮಾತಿಗಿಂತ ಕೆಣಕಿದವನ ಮಾತು ಹೆಚ್ಚು ದೂರ ಹೋಗುವಂತೆ ಯಂತ್ರವೇ ನೋಡಿಕೊಂಡಿತ್ತು. ಅಲ್ಲಿ ಮಾತು ಕಲಿತ ಹುಡುಗರು ಕೆಣಕುವುದನ್ನೇ ಧೈರ್ಯ ಎಂದುಕೊಂಡರೆ ಅವರನ್ನಷ್ಟೇ ದೂರಿ ಏನು ಪ್ರಯೋಜನ?

ಆದರೆ ಯಂತ್ರದ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಮೆಚ್ಚುಗೆಯ ಹಸಿವು ಫೋನಿಗಿಂತ ಹಳೆಯದು. ಬೆಟ್ಟದ ಪ್ರಸಂಗದಲ್ಲಿ ಯೇಸು, ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರ ಬಗ್ಗೆ, ಅವರಿಗೆ ಬರಬೇಕಾದ ಫಲ ಬಂದಾಯಿತು ಎನ್ನುತ್ತಾನೆ. ಅಲ್ಲಿ ಬಳಸಿರುವ ಗ್ರೀಕ್ ಶಬ್ದ ಆ ಕಾಲದ ವ್ಯಾಪಾರದ ರಶೀದಿಗಳ ಮೇಲೆ ಬರೆಯುತ್ತಿದ್ದದ್ದು: ಪೂರ್ತಿ ಸಂದಾಯ. ಒಂದು ವಾಕ್ಯ ಹಾಕಿ, ಮತ್ತೆ ಮತ್ತೆ ಫೋನ್ ತೆಗೆದು ಎಷ್ಟು ಜನ ನೋಡಿದರು ಎಂದು ಎಣಿಸುವಾಗ ನಾವು ನೋಡುತ್ತಿರುವುದು ಆ ರಶೀದಿಯನ್ನೇ.

ಮಾತು ಯಾರ ಕಿವಿಗೆ ಎಂಬ ಪ್ರಶ್ನೆ ಇನ್ನಷ್ಟು ಗಂಭೀರವಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ಚರ್ಚುಗಳ ಬಾಗಿಲು ಮುಚ್ಚಿದ್ದವು. ಎಷ್ಟೋ ಸಭೆಗಳು ಆಗ ಮೊದಲ ಸಲ ಯೂಟ್ಯೂಬಿಗೆ, ಫೇಸ್‌ಬುಕ್ ಲೈವ್‌ಗೆ ಬಂದವು. ಹಾಸಿಗೆ ಹಿಡಿದ ಹಿರಿಯರು, ಗಲ್ಫ್‌ನಲ್ಲಿರುವ ಮಕ್ಕಳು ಕೂಡ ಆರಾಧನೆಯಲ್ಲಿ ಸೇರಿಕೊಂಡರು. ಅದು ದೊಡ್ಡ ಉಪಕಾರ, ನನ್ನ ತಾಯಿಯೂ ಹಾಗೆಯೇ ಆರಾಧನೆ ಕೇಳಿದರು. ಆದರೆ ಅದುವರೆಗೆ ನಾಲ್ಕು ಗೋಡೆಗಳ ನಡುವೆ ಆಡುತ್ತಿದ್ದ ಒಳಮನೆಯ ಭಾಷೆಯೂ ಅದರ ಜೊತೆಗೇ ಬೀದಿಗೆ ಬಂತು.

ಉದಾಹರಣೆಗೆ "ಅನ್ಯಜನರು" ಎಂಬ ಶಬ್ದ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದಕ್ಕೆ ಯೆಹೂದ್ಯರಲ್ಲದ ಜನಾಂಗಗಳು ಎಂದರ್ಥ. ಆ ಲೆಕ್ಕದಲ್ಲಿ ಧಾರವಾಡದ, ಮಂಗಳೂರಿನ, ಕೊಳ್ಳೇಗಾಲದ ಕ್ರೈಸ್ತರಾದ ನಾವೆಲ್ಲರೂ ಅನ್ಯಜನರೇ. ಎಫೆಸದ ಸಭೆಗೆ ಪೌಲ ಅದನ್ನು ಬಿಡಿಸಿ ಹೇಳುತ್ತಾನೆ: ನೀವು ಹುಟ್ಟಿನಿಂದ ಅನ್ಯಜನರು, ದೂರವಿದ್ದವರು, ಹತ್ತಿರಕ್ಕೆ ಬಂದಿದ್ದೀರಿ. ಕೃತಜ್ಞತೆ ಕಲಿಸಬೇಕಿದ್ದ ಶಬ್ದ ಅದು. ನಮ್ಮ ಬಾಯಲ್ಲಿ ಅದು ಪಕ್ಕದ ಮನೆಯವರನ್ನು ತೋರಿಸುವ ಬೆರಳಾಗಿದೆ. "ನಮ್ಮ ಆಫೀಸಿನಾಗ ಎಲ್ಲಾರೂ ಅನ್ಯರು" ಎಂದು ಸಾಕ್ಷಿ ಹೇಳುವಾಗ ಹೇಳುವವರಿಗೆ ಏನೂ ಅನ್ನಿಸುವುದಿಲ್ಲ. ಅದೇ ಆಫೀಸಿನ ಗೆಳೆಯ ಆ ವಿಡಿಯೋ ನೋಡಿದರೆ? ಇಷ್ಟು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡವನಿಗೆ ತಾನು ಅನ್ಯ ಎಂದು ಆ ದಿನ ಗೊತ್ತಾಗುತ್ತದೆ. ಕೋಟೆಗಳನ್ನು ಕೆಡವುತ್ತೇವೆ, ಈ ಊರನ್ನು ವಶಪಡಿಸಿಕೊಳ್ಳುತ್ತೇವೆ ಎಂಬ ಪ್ರಾರ್ಥನೆಯ ಮಾತುಗಳೂ ಹಾಗೇ. ಪೌಲ ಹೇಳಿದ ಕೋಟೆಗಳು ಮನಸ್ಸಿನೊಳಗಿನ ವಾದಗಳು, ದೇವರ ಅರಿವಿಗೆ ಅಡ್ಡ ನಿಲ್ಲುವ ಅಹಂಕಾರ. ಅವನ ಆಯುಧಗಳೂ ಲೋಕದ ಆಯುಧಗಳಲ್ಲ. ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಈ ವಿವರಣೆಗೆ ಜಾಗವಿಲ್ಲ. ಕೇಳಿದವರಿಗೆ ಕೋಟೆ ಎಂದರೆ ಅವರ ಗುಡಿ, ಊರು ಎಂದರೆ ಅವರ ಊರು.

ಕರ್ನಾಟಕದಲ್ಲಿ ಇದು ಬರೀ ಶಿಷ್ಟಾಚಾರದ ವಿಷಯವಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ. 1.87, ಸುಮಾರು ಹನ್ನೊಂದೂವರೆ ಲಕ್ಷ ಮಂದಿ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಬಳಿಯ, ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠದ ಮೇಲೆ ದಾಳಿಯಾಯಿತು; ಆ ದಿನಗಳಲ್ಲಿ ಇನ್ನೂ ಹಲವು ಪ್ರಾರ್ಥನಾ ಸ್ಥಳಗಳು ಪೆಟ್ಟು ತಿಂದವು. ಹಿಂದೂ ದೇವತೆಗಳನ್ನು ಹೀಯಾಳಿಸಿದೆ ಎನ್ನಲಾದ ಕಿರುಹೊತ್ತಿಗೆಯೊಂದನ್ನು ಆಗ ಕಾರಣವಾಗಿ ಮುಂದಿಡಲಾಯಿತು. ಪ್ರಾರ್ಥನೆಯಲ್ಲಿದ್ದವರ ಮೇಲೆ ಕೈ ಮಾಡಲು ಯಾವ ಹೊತ್ತಿಗೆಯೂ ಕಾರಣವಾಗಲಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾರೋ ಎಲ್ಲೋ ಕೂತು ಬರೆದ ನಾಲ್ಕು ಸಾಲಿನ ಬೆಲೆಯನ್ನು ಆ ಸಾಲುಗಳನ್ನು ಕಣ್ಣಿಂದಲೂ ನೋಡದ ಸನ್ಯಾಸಿನಿಯರು ತೆತ್ತರು ಎಂಬುದನ್ನೂ ನಾವು ಮರೆಯಬಾರದು. ಇಂದು ಬೆಂಗಳೂರಿನ ಸುರಕ್ಷಿತ ಅಪಾರ್ಟ್‌ಮೆಂಟಿನಲ್ಲೋ ದುಬೈಯಲ್ಲೋ ಕೂತು ಕೆಣಕುವವರ ಮಾತಿಗೆ ಉತ್ತರ ಕೊಡಬೇಕಾಗುವುದು ಹಳ್ಳಿಯ ಹೆಂಚಿನ ಮನೆಯಲ್ಲಿ ಹತ್ತು ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವ ಪಾಸ್ಟರ್.

ಇದಕ್ಕೆ ನಮ್ಮ ಇತಿಹಾಸದಲ್ಲೇ ಎರಡು ದಾರಿಗಳಿವೆ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ. ಆ ಕಾಲದ ಮಿಷನರಿಗಳು ಇಲ್ಲಿನ ದೇವರುಗಳನ್ನೂ ಆಚಾರಗಳನ್ನೂ ಖಂಡಿಸುವ ಕಿರುಪುಸ್ತಕಗಳನ್ನು ಧಾರಾಳವಾಗಿ ಹಂಚಿದರು, ಅದನ್ನು ಮುಚ್ಚಿಡಬೇಕಿಲ್ಲ. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತಂದ. ಊರಿನ ಸುದ್ದಿಯನ್ನು ಊರಿನವರಿಗೆ ತಿಳಿಸುವ ಕೆಲಸ ಅದು. ಮುಂದೆ ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದವನೂ ಅವನೇ. ಫರ್ಡಿನೆಂಡ್ ಕಿಟ್ಟೆಲ್ 1894ರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳನ್ನು ಕೂಡಿಸಿದ. ಗಾದೆಗಳನ್ನೂ ಆಡುಮಾತನ್ನೂ ಹಾಗೆ ಕೂಡಿಸಲು ಎಷ್ಟು ವರ್ಷ ಸುಮ್ಮನೆ ಕೂತು ಜನರ ಮಾತು ಕೇಳಬೇಕು! ಖಂಡನೆಯ ಆ ಪುಸ್ತಕಗಳನ್ನು ಇಂದು ಯಾರೂ ಓದುವುದಿಲ್ಲ. ನಿಘಂಟು ಈಗಲೂ ಕನ್ನಡಿಗರ ಮೇಜಿನ ಮೇಲಿದೆ.

ಇನ್ನು ಫಾರ್ವರ್ಡ್‌ಗಳ ಮಾತು. ನಮ್ಮ ಗುಂಪುಗಳಲ್ಲಿ ಬೆಳಿಗ್ಗೆ ಐದಕ್ಕೆ ವಾಗ್ದಾನ ವಚನದಿಂದ ದಿನ ಶುರುವಾಗುತ್ತದೆ. ಆಮೇಲೆ ಪ್ರಾರ್ಥನಾ ವಿನಂತಿ, ಹುಟ್ಟುಹಬ್ಬ, ಸಾವಿನ ಸುದ್ದಿ. ಮಧ್ಯೆ ಎಲ್ಲಿಂದಲೋ ಒಂದು "ತುರ್ತು ಪ್ರಾರ್ಥನೆ" ಬರುತ್ತದೆ. ಅವುಗಳಲ್ಲಿ ಒಂದನ್ನು ನಾನು ಹಲವು ಸಲ ನೋಡಿದ್ದೇನೆ: ಭಾರತದಲ್ಲಿ ನಿನ್ನೆ ರಾತ್ರಿ ಬೌದ್ಧ ಉಗ್ರರು 20 ಚರ್ಚುಗಳನ್ನು ಸುಟ್ಟರು, ಒಲಿಸಬಾಂಗ್ ಪ್ರಾಂತದಲ್ಲಿ ಇನ್ನೂ 200 ಚರ್ಚುಗಳನ್ನು ನಾಶ ಮಾಡಲಿದ್ದಾರೆ, 24 ಗಂಟೆಯೊಳಗೆ 200 ಮಿಷನರಿಗಳನ್ನು ಕೊಲ್ಲಲಿದ್ದಾರೆ, ಎಲ್ಲರಿಗೂ ಕಳಿಸಿ. ಭಾರತದಲ್ಲಿ ಒಲಿಸಬಾಂಗ್ ಎಂಬ ಪ್ರಾಂತವೇ ಇಲ್ಲ. 2010ರ ಸುಮಾರಿನಿಂದ ಲೋಕವನ್ನೆಲ್ಲ ಸುತ್ತುತ್ತಿರುವ ಈ ಸಂದೇಶದಲ್ಲಿ "ನಿನ್ನೆ ರಾತ್ರಿ" ಎಂಬುದು ಯಾವತ್ತೂ ನಿನ್ನೆ ರಾತ್ರಿಯೇ.

ಪ್ರಾರ್ಥನೆಗೇ ತಾನೇ ಕಳಿಸಿದ್ದು, ಅದರಲ್ಲಿ ಏನು ಕೆಟ್ಟದ್ದು ಎಂದು ನಮ್ಮ ಸಭೆಯ ಹಿರಿಯರೊಬ್ಬರು ಕೇಳಿದರು. ಉದ್ದೇಶ ಒಳ್ಳೆಯದಿದ್ದರೆ ಸಾಕು ಎಂಬುದೇ ಇಲ್ಲಿ ನಮ್ಮ ದೊಡ್ಡ ಮೋಸ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಯನ್ನು ಹೆಚ್ಚಿನ ಪ್ರೊಟೆಸ್ಟೆಂಟರು ಒಂಬತ್ತನೆಯದೆಂದೂ ಕ್ಯಾಥೊಲಿಕರು ಎಂಟನೆಯದೆಂದೂ ಎಣಿಸುತ್ತಾರೆ. ಎಣಿಕೆ ಯಾವುದಾದರೇನು, ಒಳ್ಳೆಯ ಉದ್ದೇಶವಿದ್ದರೆ ಹೇಳಬಹುದು ಎಂಬ ವಿನಾಯಿತಿ ಎರಡರಲ್ಲೂ ಇಲ್ಲ. ಆ ಸಂದೇಶ ಒಂದಿಡೀ ಸಮುದಾಯವನ್ನು ಕೊಲೆಗಡುಕರೆಂದು ಕರೆಯುತ್ತದೆ. ಅದನ್ನು ಮುಂದಕ್ಕೆ ಒತ್ತಿದವರು ಆ ಸಾಕ್ಷಿಗೆ ತಮ್ಮ ಹೆಬ್ಬೆಟ್ಟು ಒತ್ತಿದ ಹಾಗೆ. ಇನ್ನೊಂದು ನಷ್ಟ ನಮ್ಮದೇ. 2008ರ ಆಗಸ್ಟಿನಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಕ್ರೈಸ್ತರ ಮನೆಗಳೂ ಚರ್ಚುಗಳೂ ನಿಜವಾಗಿ ಸುಟ್ಟವು, ಜನ ನಿಜವಾಗಿ ಸತ್ತರು. ಹುಲಿ ಬಂತು ಹುಲಿ ಎಂದು ಸುಳ್ಳೇ ಕೂಗಿದವರ ಮಾತನ್ನು ನಿಜವಾದ ಹುಲಿ ಬಂದಾಗ ಯಾರು ನಂಬುತ್ತಾರೆ?

ಸುಳ್ಳು ಫಾರ್ವರ್ಡ್ ಜೀವ ತೆಗೆದದ್ದನ್ನು ಈ ರಾಜ್ಯ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನೂ ಜೊತೆಗಾರರೂ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಗುಮಾನಿಗೆ ಕಾರಣವಾಗಿತ್ತು. ಅವರ ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸ್ಆ್ಯಪ್ ಸಂದೇಶ ಅಲ್ಲಿಗೆ ತಲುಪಿತ್ತು. ಅಂಥ ಹಲವು ಸಾವುಗಳ ನಂತರ, ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಕಳಿಸದಂತೆ ವಾಟ್ಸ್ಆ್ಯಪ್ ಕಡಿವಾಣ ಹಾಕಿತು. 2020ರ ಏಪ್ರಿಲ್‌ನಿಂದ, ಅನೇಕ ಸಲ ಕೈ ಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಜೋಡಿ ಬಾಣದ ಗುರುತು ಇದ್ದರೆ ಅದು ಅಂಥದ್ದು. ನಮ್ಮ ಹಿರಿಯರಿಗೆ ನಾನು ತೋರಿಸಿಕೊಟ್ಟದ್ದು ಆ ಜೋಡಿ ಬಾಣವನ್ನು. "ಇದನ್ನ ನಿಮಗ ಕಳಿಸಿದವರಿಗೂ ಇದರ ಮೂಲ ಗೊತ್ತಿಲ್ರಿ, ಅಣ್ಣಾರ" ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಈಗ ಗುಂಪಿಗೆ ಏನಾದರೂ ಹಾಕುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಸಭೆಯೊಳಗಿನ ತಕರಾರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೆಕ್ಕಪತ್ರ, ಚುನಾವಣೆ, ಪಾಸ್ಟರ್ ವರ್ಗಾವಣೆ ಎಲ್ಲವೂ ಈಗ ಗುಂಪಿನಲ್ಲೇ ಇತ್ಯರ್ಥವಾಗಬೇಕು. ಸಹೋದರ ತಪ್ಪು ಮಾಡಿದರೆ ನೀನು ಹೋಗಿ, ನೀವಿಬ್ಬರೇ ಇರುವಾಗ ಹೇಳು ಎಂದು ಯೇಸು ಹಾಕಿಕೊಟ್ಟ ಕ್ರಮ ಮತ್ತಾಯನ 18ನೆಯ ಅಧ್ಯಾಯದಲ್ಲಿದೆ. ಸಭೆಗೆ ತಿಳಿಸುವುದು ಅಲ್ಲಿ ಮೂರನೆಯ ಮೆಟ್ಟಿಲು. ನಾವು ಮೂರನೆಯದರಿಂದ ಶುರು ಮಾಡುತ್ತೇವೆ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬಂದೇ ಬರುತ್ತದೆ, ಅದು ತೂಕದ ಆಕ್ಷೇಪ. ಯೇಸು ಮೆತ್ತಗೆ ಮಾತ್ರ ಮಾತಾಡಿದನೇ? ಯೆಹೂದ್ಯರ ಧರ್ಮಬೋಧಕರಾದ ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಸುಣ್ಣ ಬಳಿದ ಸಮಾಧಿಗಳು ಎನ್ನಲಿಲ್ಲವೇ? ಅನ್ಯಾಯವಾದಾಗಲೂ ಕ್ರೈಸ್ತರು ಇಂಪಾಗಿ ಹಾಡುತ್ತಾ ಕೂರಬೇಕೆ? 2021ರ ಡಿಸೆಂಬರಿನಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಗೆ ಬಂದಾಗ ನಮ್ಮ ಹುಡುಗರು ಜಾಲತಾಣದಲ್ಲಿ ಸಿಟ್ಟಾದದ್ದು ತಪ್ಪೇ?

ತಪ್ಪಲ್ಲ. ಕೃಪೆಯ ಮಾತು ಎಂದರೆ ಬಾಯಿ ಮುಚ್ಚಿಕೊಳ್ಳುವುದೆಂದು ನಾನು ಒಪ್ಪುವುದಿಲ್ಲ. ಫಿಲಿಪ್ಪಿಯಲ್ಲಿ ಪೌಲನನ್ನು ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿ, ಮರುದಿನ ಗುಟ್ಟಾಗಿ ಬಿಟ್ಟುಕಳಿಸಲು ನೋಡಿದರು. ಅವನು ಹೊರಡಲಿಲ್ಲ. ನಾವು ರೋಮಿನ ಪೌರರು, ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದ. ಹಕ್ಕಿನ ಮಾತು ಅಷ್ಟು ನೇರವಾಗಿರಬಹುದು. ಅದು ಅಧಿಕಾರಿಗಳಿಗೆ ಹೇಳಿದ ಮಾತು, ಕೇಳಬೇಕಾದವರ ಕಿವಿಗೇ ಹೋಯಿತು. ಯೇಸುವಿನ ಅತ್ಯಂತ ಕಠಿಣ ಶಬ್ದಗಳೂ ಅವನದೇ ಜನರ ಧಾರ್ಮಿಕ ಮುಖಂಡರಿಗೆ, ಅವರ ಅಧಿಕಾರ ನಡೆಯುತ್ತಿದ್ದ ಊರಿನಲ್ಲೇ ನಿಂತು, ಹೆಸರು ಹಿಡಿದು ಆಡಿದವು. ತನ್ನನ್ನು ಸೇರಿಸಿಕೊಳ್ಳದ, ಯೆಹೂದ್ಯರು ಹೊರಗಿನವರೆಂದು ಎಣಿಸುತ್ತಿದ್ದ ಸಮಾರ್ಯದವರ ಹಳ್ಳಿಯ ಮೇಲೆ ಬೆಂಕಿ ಸುರಿಸೋಣವೇ ಎಂದು ಯಾಕೋಬ ಯೋಹಾನರು ಕೇಳಿದಾಗ ಅವನು ಗದರಿಸಿದ್ದು ಶಿಷ್ಯರನ್ನು. ಹಳ್ಳಿಯವರಿಗೆ ಏನೂ ಅನ್ನದೆ ಬೇರೆ ಹಳ್ಳಿಗೆ ನಡೆದ. ಕಠಿಣ ಮಾತು ಒಳಗಿನ ಬಲಾಢ್ಯರಿಗೆ, ತಾಳ್ಮೆ ಹೊರಗಿನವರಿಗೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ನಮ್ಮವರ ಹಣದ ಅವ್ಯವಹಾರದ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ, ಪಕ್ಕದ ಮನೆಯ ಉಂಡಿಯ ಬಗ್ಗೆ ಸಿಂಹಗಳಾಗುತ್ತೇವೆ.

ಪೌಲನಿಂದಲೂ ಬಾಯಿ ಜಾರಿದ್ದುಂಟು. ನ್ಯಾಯಸಭೆಯಲ್ಲಿ ತನ್ನ ಬಾಯಿಗೆ ಹೊಡೆಯಲು ಹೇಳಿದವನನ್ನು ಅವನು ಸುಣ್ಣ ಬಳಿದ ಗೋಡೆ ಎಂದು ಜರೆದ. ನೀನು ಬೈದದ್ದು ಮಹಾಯಾಜಕನನ್ನು ಎಂದು ಪಕ್ಕದವರು ಹೇಳಿದ ಕೂಡಲೇ, ಸಹೋದರರೇ, ನನಗೆ ಗೊತ್ತಿರಲಿಲ್ಲ ಎಂದು ಎಲ್ಲರ ಮುಂದೆ ತಗ್ಗಿದ. ತನಗಾದ ಅನ್ಯಾಯ ನಿಜ, ಆದರೂ ಆಡಿದ ಶಬ್ದವನ್ನು ಹಿಂದಕ್ಕೆ ತೆಗೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ಗಾದೆ. ಜಾಲತಾಣದಲ್ಲಿ ಮಾತು ಹೋಗುವುದೂ ಇಲ್ಲ, ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಿದ್ದಲು ಹದಿನೈದು ನಿಮಿಷ ಸಿಗುತ್ತದೆ, ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡು ದಿನ. ಸದ್ದಿಲ್ಲದೆ ಅಳಿಸಿಬಿಡುವುದು ಸುಲಭ. ಅಲ್ಲೇ, ಅದೇ ಜನರ ಮುಂದೆ, ನಾನು ಹೇಳಿದ್ದು ತಪ್ಪಾಯಿತು ಎಂದು ಬರೆಯುವುದನ್ನು ನಮ್ಮ ಗುಂಪುಗಳಲ್ಲಿ ನಾನು ಕಂಡದ್ದು ಬಹಳ ಕಡಿಮೆ.

ಚರ್ಚುಗಳು ಈ ಬಗ್ಗೆ ಸುಮ್ಮನಿಲ್ಲ. ಇಂಗ್ಲೆಂಡಿನ ಚರ್ಚ್ 2019ರ ಜುಲೈಯಲ್ಲಿ ಜಾಲತಾಣದ ನಡವಳಿಕೆಗೆಂದೇ ಒಂದು ಸನ್ನದು ಹೊರಡಿಸಿ ಸತ್ಯ, ದಯೆಗಳನ್ನು ಅದರಲ್ಲಿ ಸೇರಿಸಿತು. ವ್ಯಾಟಿಕನ್ನಿನ ಸಂವಹನ ವಿಭಾಗ 2023ರ ಮೇ 28ರಂದು ಸಾಮಾಜಿಕ ಜಾಲತಾಣಗಳ ಬಗ್ಗೆ ದೀರ್ಘ ಚಿಂತನೆಯೊಂದನ್ನು ಪ್ರಕಟಿಸಿ, ಒಳ್ಳೆಯ ಸಮಾರ್ಯದವನ ಕಥೆಯನ್ನು ಅದರ ನಡುವೆ ಇಟ್ಟಿತು. ಆ ಆಯ್ಕೆ ನನಗೆ ಹಿಡಿಸಿತು. ಆ ಕಥೆಯಲ್ಲಿ ದಾರಿಹೋಕರಿಬ್ಬರು ಬಿದ್ದವನನ್ನು ನೋಡಿ ಪಕ್ಕಕ್ಕೆ ಸರಿದು ಹೋಗುತ್ತಾರೆ, ಮೂರನೆಯವನು ಹತ್ತಿರಕ್ಕೆ ಬರುತ್ತಾನೆ. ಫೋನಿನ ಪರದೆಯ ಮೇಲೆ ನಾವು ಬೆರಳಿನಿಂದ ಸರಿಸುತ್ತಾ ಹೋಗುವ ಪೋಸ್ಟುಗಳಲ್ಲಿ ಎಷ್ಟೋ ಮಂದಿ ಹಾಗೆ ಬಿದ್ದಿರುತ್ತಾರೆ. ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಲು ಸಿದ್ಧಗೊಳಿಸುವ ದೃಢೀಕರಣದ ತರಗತಿಯಲ್ಲಿ ಹತ್ತು ಆಜ್ಞೆಗಳನ್ನು ಕಂಠಪಾಠ ಮಾಡಿಸುತ್ತೇವಲ್ಲ, ಸುಳ್ಳುಸಾಕ್ಷಿಯ ಆಜ್ಞೆಗೆ ಬಂದಾಗ ಮಕ್ಕಳ ಕೈಗೇ ಫೋನ್ ಕೊಟ್ಟು, ಆ ವಾರ ಬಂದ ಮೂರು ಫಾರ್ವರ್ಡ್‌ಗಳ ಮೂಲ ಹುಡುಕಿಸಬೇಕು ಎಂಬುದು ನನ್ನ ಆಸೆ.

ಆ ಉತ್ತರ ಹಾಕಿದ್ದ ಹುಡುಗನ ಹತ್ತಿರ ಮುಂದಿನ ಭಾನುವಾರ ಮಾತಾಡಿದೆ. ಆರಾಧನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದರು. 27ನೆಯ ವಚನ ತೋರಿಸಿದೆ. ಓದಿದ, ಮತ್ತೊಮ್ಮೆ ಓದಿದ. "ಹಂಗಾದ್ರ ನಾ ಏನ್ ಬರೀಬೇಕಿತ್ತು ಅಕ್ಕಾ?" ಎಂದ. ನನಗೂ ಗೊತ್ತಿರಲಿಲ್ಲ. ನಾನು ಆಮೆನ್ ಎಂದವಳು, ಅವನಿಗೆ ಬುದ್ಧಿ ಹೇಳುವ ಅಧಿಕಾರವೂ ನನಗಿರಲಿಲ್ಲ. ಮೊದಲು ಆಕೆಯನ್ನೇ ಕೇಳೋಣ ಎಂದೆ.

ಸಂಜೆ ಗೆಳತಿಗೆ ಫೋನ್ ಮಾಡಿದೆ. ಆ ಇಮೋಜಿ ಒತ್ತಿದ್ದು ನಾನೂ ಒಬ್ಬಳು, ತಪ್ಪಾಯಿತು ಎಂದೆ. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಪ್ರಸಾದದ ಬಗ್ಗೆ, ನಮ್ಮ ನಂಬಿಕೆಯ ಬಗ್ಗೆ, ಯಾಕೆ ಕೆಲವರು ತಿನ್ನುತ್ತಾರೆ ಕೆಲವರು ತಿನ್ನುವುದಿಲ್ಲ ಎಂಬುದರ ಬಗ್ಗೆ ನಾನು ತಯಾರಿ ಮಾಡಿಕೊಂಡದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

"ಉಂಡಿ ಯಾಕ ತಿನ್ನಲಿಲ್ಲ ಅಂತ ಅಲ್ಲ ನಾ ಕೇಳಿದ್ದು. ನಿಮ್ಮ ನಿಯಮ ನಿಮಗ, ತಿನ್ನಬ್ಯಾಡ್ರಿ. ಆದ್ರ ಹತ್ತು ವರ್ಷದಿಂದ ಡಬ್ಬಿ ಕೊಡಾಕ ಆಕಿನ ಬರ್ತಿದ್ಲು, ಒಳಗ ಬಂದು ಕೂತು ಚಾ ಕುಡದು ಹೋಗ್ತಿದ್ಲು. ಈ ಸಲ ಹುಡುಗನ ಕೈಯಾಗ ಕಳಿಸಿದ್ಲು. ಅದಕ್ಕ ಕೇಳಿದ್ದೆ."